ಮೊದಲು ಬ್ಯಾಲೆನ್ಸ್ ಶೀಟಿನ ಎಡಬದಿ

ದಾವಣಗೆರೆಯಲ್ಲಿ ನನ್ನ ತೆರಿಗೆ ಪ್ರಾಕ್ಟೀಸಿಗೆ ಹದಿನೇಳು ವರ್ಷ. ರೈಸ್ ಮಿಲ್ಲು, ಮಂಡಿ, ಜವಳಿ ಅಂಗಡಿ ಸೇರಿ ಪಾಲುದಾರಿಕೆ ಸಂಸ್ಥೆಗಳ ರಿಟರ್ನ್ (ಐಟಿಆರ್-5) ಸುಮಾರು ತೊಂಬತ್ತು, ಕಂಪನಿಗಳದ್ದು (ಐಟಿಆರ್-6) ಹದಿನೈದೋ ಹದಿನಾರೋ. ಮೂರು ವರ್ಷದಿಂದ ರಿಟರ್ನ್ ಪರಿಶೀಲನೆಗೆ ಕೂತರೆ ಮೊದಲು ನೋಡೋದು ಬ್ಯಾಲೆನ್ಸ್ ಶೀಟಿನ ಎಡಬದಿ: ಬಂಡವಾಳ, ಸಾಲ, ಕೊಡಬೇಕಾದ ಬಾಕಿ. ಕಂಪನಿಯಾದರೆ ಮೇಲರ್ಧ. ಲಾಭ-ನಷ್ಟದ ಪಟ್ಟಿ ಕೊನೆಗೆ. "ಊಟಕ್ಕೆ ಕೂತು ಮೊದಲೇ ಮಜ್ಜಿಗೆ ಅನ್ನ ಕೇಳಿದ ಹಾಗಾಯ್ತಲ್ಲಯ್ಯಾ" ಅಂತ ನಮ್ಮ ಸೀನಿಯರ್ ನಕ್ಕಿದ್ದರು. ಈಗ ಅವರ ಆಫೀಸಿನ ಹುಡುಗರೂ ಹೀಗೇ ಮಾಡ್ತಾರೆ.

ಬುದ್ಧಿ ಬಂದದ್ದು ದುಡ್ಡು ಕಳ್ಕೊಂಡ ಮೇಲೆ. ಒಂದು ಪ್ರೈವೇಟ್ ಲಿಮಿಟೆಡ್‌ನಲ್ಲಿ ನೌಕರರ ಪಾಲಿನ ಪಿಎಫ್ ನಾಲ್ಕು ತಿಂಗಳು 15ನೇ ತಾರೀಖು ದಾಟಿ ಕಟ್ಟಿದ್ದರು. ತೆರಿಗೆ ಆಡಿಟ್ ವರದಿಯ (3ಸಿಡಿ) 20(ಬಿ) ಕಲಮಿನಲ್ಲಿ ತಾರೀಖುಗಳನ್ನು ನಾವೇ ಸರಿಯಾಗಿ ತುಂಬಿ, ರಿಟರ್ನಿನಲ್ಲಿ ಆದಾಯಕ್ಕೆ ಸೇರಿಸೋದು ಮರೆತೆವು. ರಿಟರ್ನ್ ಪರಿಶೀಲಿಸೋ ಇಲಾಖೆಯ ಕೇಂದ್ರ ಸಿಪಿಸಿ ಬಿಡುತ್ತಾ? 2.3 ಲಕ್ಷ ಸೇರಿಸಿತು. ತೆರಿಗೆ, ಬಡ್ಡಿ ಸೇರಿ ಅರವತ್ತೈದು ಸಾವಿರದ ಆಸುಪಾಸು. ಅಪೀಲು ಹಾಕೋಣ ಅಂದ್ರೆ ನೌಕರರ ಪಾಲನ್ನು ತಡವಾಗಿ ಕಟ್ಟಿದರೆ ಕಳೆಯೋ ಹಾಗಿಲ್ಲ ಅನ್ನೋ 2022ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪು ಆ ಬಾಗಿಲು ಮುಚ್ಚಿತ್ತು. ಬಡ್ಡಿ ನಾನು ಕೊಟ್ಟೆ, ಆ ವರ್ಷದ ಫೀಸು ಕೇಳೋ ಮುಖ ಇರಲಿಲ್ಲ.

ಆಮೇಲೆ 64 ಅಂಶದ ಚೆಕ್‌ಲಿಸ್ಟ್ ಮಾಡಿದೆ. ನಮ್ಮ ಆಫೀಸಿನ ಹುಡುಗರು ಐದೇ ನಿಮಿಷದಲ್ಲಿ ಪೂರ್ತಿ ಟಿಕ್ ಹೊಡೆದು ತಂದಿಟ್ಟರು. ಕಂಪನಿ ಫೈಲಿನಲ್ಲಿ "ಪಾಲುದಾರಿಕೆ ಪತ್ರ ನೋಡಿದೆ" ಅನ್ನೋದಕ್ಕೂ ಟಿಕ್! ಆವತ್ತೇ ಅದನ್ನು ಹರಿದು ಎಡಬದಿ ಹಿಡಿದೆ.

ಎಡಬದಿಯ ಬೆಲೆ ಈಚೆಗೆ ಮತ್ತೆ ತೋರಿಸಿದ್ದು ಅಣ್ಣತಮ್ಮಂದಿರ ಒಂದು ರೈಸ್ ಮಿಲ್ಲು. ಪುಸ್ತಕ ಲಾಭ ಹತ್ತು ಲಕ್ಷ. ಹುಡುಗ ಪಾಲುದಾರರ ಸಂಬಳಕ್ಕೆ ಮಿತಿ ಹಾಕೋ 40(ಬಿ)ಯ ಹೊಸ ಲೆಕ್ಕದಲ್ಲಿ, ಅಂದ್ರೆ ಮೊದಲ 6 ಲಕ್ಷಕ್ಕೆ 90%, ಉಳಿದದ್ದಕ್ಕೆ 60% ಹಿಡಿದು, ಪಾಲುದಾರರ ಸಂಬಳ 7.8 ಲಕ್ಷ ಹಾಕಿದ್ದ. ಕಾಯ್ದೆ ಪ್ರಕಾರ ತಪ್ಪಿಲ್ಲ. ಆದರೆ ಪಾಲುದಾರಿಕೆ ಪತ್ರ ತೆಗೆದು ನೋಡಿದರೆ ಮೊದಲ 3 ಲಕ್ಷಕ್ಕೆ ಮಾತ್ರ 90% ಅನ್ನೋ ಹಳೆಯ ಸ್ಲ್ಯಾಬನ್ನೇ ಅಂಕಿ ಸಮೇತ ಟೈಪ್ ಮಾಡಿಸಿದ್ದಾರೆ. ಅದರ ಪ್ರಕಾರ ಬರೋದು 6.9 ಲಕ್ಷ. ಹೆಚ್ಚಿನ 90 ಸಾವಿರ ಸ್ಕ್ರುಟಿನಿಯಲ್ಲಿ ಹೋದರೆ ಸುಮಾರು 28 ಸಾವಿರ ತೆರಿಗೆ. ತಿದ್ದುಪಡಿ ಪತ್ರ ಮಾಡಿಸಿದೆವು, ಅದು ಮುಂದಿನ ಅವಧಿಗೆ ಮಾತ್ರ. ಅದೇ ಫೈಲಿನಲ್ಲಿ ಪಾಲುದಾರರ ಬಂಡವಾಳದ ಬಡ್ಡಿಯನ್ನು ವರ್ಷಾರಂಭದ ಶಿಲ್ಕಿನ ಮೇಲೆ ಹಾಕಿದ್ದ. ಒಬ್ಬ ತಮ್ಮ ಜೂನ್‌ನಲ್ಲೇ ನಾಲ್ಕು ಲಕ್ಷ ಎತ್ತಿದ್ದು ಲೆಕ್ಕಕ್ಕೇ ಬಂದಿರಲಿಲ್ಲ.

ಕಂಪನಿಯಲ್ಲಿ ಡೈರೆಕ್ಟರ್ ಖಾತೆಯ ಮಾರ್ಚ್ 31ರ ಶಿಲ್ಕು ನಂಬಬೇಡಿ. ಒಂದು ಕಡೆ ಸೊನ್ನೆ ಇತ್ತು. ತಿಂಗಳುವಾರು ತೆಗೆದರೆ ನವೆಂಬರ್‌ನಲ್ಲಿ 9 ಲಕ್ಷ ಅವರ ಹೆಸರಿಗೆ ಹೋಗಿದೆ. ಕೂಡಿಟ್ಟ ಲಾಭ ಇರೋ ಕಂಪನಿ, ಅವರದ್ದೇ ಅರ್ಧ ಷೇರು, ಇಂಥ ಸಾಲವನ್ನು ಡಿವಿಡೆಂಡ್ ಅಂತಲೇ ಹಿಡಿಯೋ 2(22)(ಇ) ಬಾಗಿಲಲ್ಲೇ ನಿಂತಿತ್ತು.

ನಡುವೆ ಜಿಎಸ್‌ಟಿ ರಿಟರ್ನಿನ (3ಬಿ) ವಹಿವಾಟನ್ನು ಆದಾಯ ತೆರಿಗೆ ರಿಟರ್ನಿನ ವಹಿವಾಟಿಗೆ ತಾಳೆ ನೋಡೋ ಹುಚ್ಚೂ ಹಿಡಿದಿತ್ತು. ಒಂದು ಮಂಡಿಯಲ್ಲಿ ಮೂರೂವರೆ ಲಕ್ಷ ಕೂಡದೆ ಎರಡು ದಿನ ಹಾಳು. ಕೊನೆಗೆ ಗುಮಾಸ್ತರು ಎಲೆ-ಅಡಿಕೆ ಹಾಕ್ಕೊಳ್ತಾ, "ಹಳೇ ಲಾರಿ ಮಾರಿದ್ದು ಸಾರ್" ಅಂದರು. 3ಬಿಯಲ್ಲಿ ಅದೂ ಮಾರಾಟ, ನಮ್ಮಲ್ಲಿ ಸವಕಳಿ ಬ್ಲಾಕಿನಿಂದ ಕಳೆದಿತ್ತು. ತಾಳೆ ಈಗಲೂ ನೋಡ್ತೀನಿ, ಆದರೆ ಮೊದಲು ಗುಮಾಸ್ತರನ್ನು ಕೇಳಿ.

ಫೈಲಿಗೆ ನಲವತ್ತು ನಿಮಿಷ ಹಿಡಿಯುತ್ತೆ. ಮೊದಲು ವರ್ಷಕ್ಕೆ ಹನ್ನೆರಡು-ಹದಿನಾಲ್ಕು ಸಿಪಿಸಿ ನೋಟಿಸು. ಕಳೆದ ಎರಡು ವರ್ಷ ಸೇರಿ ಮೂರು. ಬಾಕಿ ಕೊಡಬೇಕಾದವರ ಪಟ್ಟಿಯಲ್ಲಿ 43ಬಿ(ಎಚ್)ಗೆ, ಅಂದ್ರೆ ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಬಾಕಿಯನ್ನು ಖರ್ಚೆಂದು ಒಪ್ಪದ ನಿಯಮಕ್ಕೆ, ಸಿಕ್ಕಿಬೀಳೋರನ್ನು ಒಂದೇ ನೋಟಕ್ಕೆ ಹೆಕ್ಕೋ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಈಚಿನ ತಲೆನೋವು 1961ರ ಆದಾಯ ತೆರಿಗೆ ಕಾಯ್ದೆಯ 194ಟಿ ಕಲಂ. 2025ರ ಏಪ್ರಿಲ್‌ನಿಂದ ಪಾಲುದಾರರ ಸಂಬಳ, ಬಡ್ಡಿ ವರ್ಷಕ್ಕೆ 20 ಸಾವಿರ ದಾಟಿದರೆ 10% ಟಿಡಿಎಸ್. ಬಂಡವಾಳ ಖಾತೆಗೆ ಜಮಾ ಹಾಕಿದರೂ ಲೆಕ್ಕವೇ. ನಾವೆಲ್ಲ ಸಂಬಳದ ಎಂಟ್ರಿ ಹಾಕೋದು ಆಗಸ್ಟಿನಲ್ಲಿ, ಮಾರ್ಚ್ 31ರ ತಾರೀಖಿಗೆ. ದುಡ್ಡು ಕಟ್ಟೋ ಗಡುವು ಏಪ್ರಿಲ್ 30. ಹಾಗಾಗಿ ಬಂಡವಾಳ ಖಾತೆ ಈಗ ಮಾರ್ಚ್‌ನಲ್ಲೇ ತೆರೀತೀನಿ. ಮಿಲ್ಲಿನ ದೊಡ್ಡ ಸಾಹುಕಾರರು "ನಮ್ಮ ಸಂಬಳಕ್ಕೆ ನಾವೇ ಟ್ಯಾಕ್ಸ್ ಮುರ್ಕೋಬೇಕಾ ಸಾರ್?" ಅಂತ ಗೊಣಗುತ್ತಲೇ ಟಿಡಿಎಸ್ ಕಟ್ಟೋಕೆ ಬೇಕಾದ ಟ್ಯಾನ್ ಸಂಖ್ಯೆಯ ಅರ್ಜಿಗೆ ಸಹಿ ಹಾಕಿದರು.