ಪೋಕೆಮಾನ್ ರೆಡ್: 150 ತುಂಬಿಸಿದ್ದು ಹೀಗೆ

ಪೋಕೆಮಾನ್ ರೆಡ್ ಆಟದ ಕಥೆ ಮುಗಿಸುವುದು ಅಂಥ ಕಷ್ಟವೇನಲ್ಲ. ಎಂಟು ಜಿಮ್ (ಪಂದ್ಯದ ಅಖಾಡ) ಗೆದ್ದು, ಎಲೈಟ್ ಫೋರ್ ಎಂಬ ನಾಲ್ವರು ಘಟಾನುಘಟಿಗಳನ್ನು ದಾಟಿ, ಚಾಂಪಿಯನ್ ಆದ ನಿಮ್ಮ ಎದುರಾಳಿ ಹುಡುಗನನ್ನು ಸೋಲಿಸಿದರೆ ಆಯಿತು. ಕಷ್ಟ ಇರುವುದು ಪೋಕೆಡೆಕ್ಸ್, ಅಂದರೆ ಹಿಡಿದ ಪೋಕೆಮಾನ್ ಪ್ರಾಣಿಗಳ ಪಟ್ಟಿ, ತುಂಬಿಸುವುದರಲ್ಲಿ. 150 ಪೋಕೆಮಾನ್‌ಗಳೂ ಒಮ್ಮೆಯಾದರೂ ನಿಮ್ಮ ಕೈಗೆ ಬಂದು ಹೋಗಿರಬೇಕು. ಒಬ್ಬರೇ ಕೂತು ವರ್ಷಗಟ್ಟಲೆ ಆಡಿದರೂ ಇದು ಆಗುವುದಿಲ್ಲ.

ಯಾಕಂದ್ರೆ ಆಟವನ್ನು ಕಟ್ಟಿರುವುದೇ ಹಾಗೆ. ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿದ್ದ ಸತೋಶಿ ತಾಜಿರಿಗೆ, ಎರಡು ಗೇಮ್‌ಬಾಯ್‌ಗಳ ನಡುವಿನ ಕೇಬಲ್ ನೋಡಿ ಈ ಆಟದ ಯೋಚನೆ ಬಂತಂತೆ. 1996ರಲ್ಲಿ ಜಪಾನಿನಲ್ಲಿ ರೆಡ್, ಗ್ರೀನ್ ಅಂತ ಎರಡು ಕಾರ್ಟ್ರಿಡ್ಜ್ ಬಂದವು. 1998ರಲ್ಲಿ ಅಮೆರಿಕಕ್ಕೆ ರೆಡ್, ಬ್ಲೂ ಬಂದವು. ಒಂದರಲ್ಲಿ ಸಿಗುವ ಕೆಲವು ಇನ್ನೊಂದರಲ್ಲಿ ಸಿಗುವುದಿಲ್ಲ. ರೆಡ್‌ನಲ್ಲಿ ಸ್ಯಾಂಡ್‌ಶ್ರೂ, ವಲ್ಪಿಕ್ಸ್, ಮಿಯಾವ್ತ್, ಬೆಲ್‌ಸ್ಪ್ರೌಟ್, ಮ್ಯಾಗ್ಮಾರ್, ಪಿನ್ಸಿರ್ ಹುಡುಕಿದರೂ ಇಲ್ಲ. ಜೊತೆಗೆ ಕಡಾಬ್ರಾ, ಮಚೋಕ್, ಗ್ರ್ಯಾವೆಲರ್, ಹಾಂಟರ್ ಈ ನಾಲ್ಕು ಬೇರೆಯವರ ಆಟಕ್ಕೆ ಹೋದರೆ ಮಾತ್ರ ಮುಂದಿನ ರೂಪಕ್ಕೆ ಬದಲಾಗುತ್ತವೆ.

2016ರಲ್ಲಿ ಈ ಹಳೇ ಆಟಗಳು ನಿಂಟೆಂಡೊ 3ಡಿಎಸ್‌ಗೆ ಬಂದಾಗ ಕೇಬಲ್ ಬದಲು ವೈರ್‌ಲೆಸ್ ಬಂತು. ಆದರೆ ಇಂಟರ್ನೆಟ್ ಮೇಲೆ ಅಲ್ಲ, ಎರಡು ಯಂತ್ರ ಹತ್ತಿರವೇ ಇರಬೇಕು. ನನ್ನದು ರೆಡ್. ಅಣ್ಣನ ಮಗಳ ಯಂತ್ರದಲ್ಲಿ ಬ್ಲೂ ಮತ್ತು ಇದೇ ಆಟದ ಇನ್ನೊಂದು ಆವೃತ್ತಿಯಾದ ಯೆಲ್ಲೋ ಎರಡೂ ಇದ್ದವು. ಹಾಗಾಗಿ ನಮ್ಮ ವ್ಯವಹಾರವೆಲ್ಲ ಅವಳು ರಜೆಗೆ ಮನೆಗೆ ಬಂದಾಗಲೇ.

ನಾವು ಮೊದಲು ಮಾಡಿದ ಕೆಲಸ ಕವಲುಗಳನ್ನು ಹಂಚಿಕೊಂಡಿದ್ದು. ಆಟದಲ್ಲಿ ಕೆಲವು ಕಡೆ ಒಂದನ್ನು ಆರಿಸಿದರೆ ಇನ್ನೊಂದು ಕೈತಪ್ಪುತ್ತದೆ. ಮೌಂಟ್ ಮೂನ್ ಗುಹೆಯಲ್ಲಿ ಎರಡು ಫಾಸಿಲ್‌ಗಳಲ್ಲಿ ಒಂದೇ. ಸ್ಯಾಫ್ರಾನ್ ಊರಿನ ಡೋಜೋದಲ್ಲಿ ಹಿಟ್‌ಮನ್‌ಲೀ ಅಥವಾ ಹಿಟ್‌ಮನ್‌ಚಾನ್. ಸೆಲಡಾನ್‌ನಲ್ಲಿ ಸಿಗುವ ಈವಿಯಂತೂ ಒಂದೇ ಒಂದು, ಆದರೆ ಕೊಟ್ಟ ಕಲ್ಲಿಗೆ ತಕ್ಕಂತೆ ಅದಕ್ಕೆ ಮೂರು ರೂಪ. ಇಲ್ಲೇ ಯೆಲ್ಲೋ ಕೈಹಿಡಿದದ್ದು. ರೆಡ್‌ನ ಈವಿಗೆ ನೀರಿನ ಕಲ್ಲು, ಬ್ಲೂನದಕ್ಕೆ ಮಿಂಚಿನ ಕಲ್ಲು, ಯೆಲ್ಲೋದ್ದಕ್ಕೆ ಬೆಂಕಿ ಕಲ್ಲು. ಯೆಲ್ಲೋದಲ್ಲಿ ಬಲ್ಬಸಾರ್, ಚಾರ್ಮಾಂಡರ್, ಸ್ಕ್ವರ್ಟಲ್ ಮೂರನ್ನೂ ದಾರಿಯಲ್ಲಿ ಸುಮ್ನೆ ಕೊಡುತ್ತಾರೆ, ಅದೂ ಬಚಾವು. ಬ್ಲೂ, ಯೆಲ್ಲೋ ಎರಡೂ ಒಂದೇ ಯಂತ್ರದಲ್ಲಿದ್ದರಿಂದ ಅವುಗಳ ನಡುವೆ ನೇರ ವಿನಿಮಯ ಆಗುತ್ತಿರಲಿಲ್ಲ. ಎಲ್ಲವೂ ನನ್ನ ರೆಡ್ ಮೂಲಕವೇ ಹೋಗಬೇಕು. ಒಟ್ಟಿನಲ್ಲಿ ನನ್ನ ಆಟ ಬಸ್‌ಸ್ಟ್ಯಾಂಡ್ ಆಯಿತು.

ಮುಖ್ಯವಾದ ವಿಷಯ ಏನಂದ್ರೆ, ಪೋಕೆಡೆಕ್ಸ್‌ಗೆ ಸಾಲ ತಂದದ್ದೂ ನಡೆಯುತ್ತದೆ. ಒಮ್ಮೆ ಬಂದು ಹೋದರೆ ಸಾಕು, ಹೆಸರು ಉಳಿಯುತ್ತದೆ. ಇದನ್ನು ಅವಳಿಗೆ ನಂಬಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಹಾಂಟರ್ ನನ್ನ ಕಡೆ ಬಂದು, ಪರದೆಯ ಮೇಲೆ ಮಿನುಗಿ ಗೆಂಗಾರ್ ಆಗುತ್ತಿದ್ದಂತೆ ಅವಳ ಮುಖ ಬಾಡಿತು.

"ಅತ್ತೆ, ವಾಪಸ್ ಕೊಡ್ತೀರಾ ತಾನೇ?"

"ಕೊಡ್ತೀನಿ ಕಣೆ. ನನ್ನ ಕಡಾಬ್ರಾ ನಿನ್ನ ಹತ್ರಾನೇ ಇದ್ಯಲ್ಲ!"

ಅದು ಅಷ್ಟರಲ್ಲಿ ಅಲಕಜಾಮ್ ಆಗಿತ್ತು. ಮತ್ತೆ ಅದಲು ಬದಲು ಮಾಡಿದೆವು. ಇಬ್ಬರಿಗೂ ಎರಡೂ ದಾಖಲಾದವು.

ಸಾಲ ತಂದದ್ದನ್ನು ಬೆಳೆಸುವುದೂ ಸುಲಭ. ಬೇರೆ ಆಟದಿಂದ ಬಂದ ಪೋಕೆಮಾನ್‌ಗೆ ಅನುಭವದ ಅಂಕ ಒಂದೂವರೆ ಪಟ್ಟು ಸಿಗುತ್ತದೆ. ಆದರೆ ಜಿಮ್ ಗೆದ್ದಾಗ ಸಿಗುವ ಬ್ಯಾಡ್ಜ್ ಸಾಕಷ್ಟು ಇಲ್ಲದಿದ್ದರೆ ಅವು ಮಾತು ಕೇಳುವುದಿಲ್ಲ. ಜಿಮ್ ಮುಖ್ಯಸ್ಥೆ ಮಿಸ್ಟಿಯ ಕ್ಯಾಸ್ಕೇಡ್ ಬ್ಯಾಡ್ಜ್ ಇದ್ದರೆ 30ನೇ ಲೆವೆಲ್‌ವರೆಗೆ, ಇನ್ನೊಬ್ಬ ಮುಖ್ಯಸ್ಥೆ ಎರಿಕಾಳ ರೇನ್‌ಬೋ ಬ್ಯಾಡ್ಜ್ ಇದ್ದರೆ 50ರವರೆಗೆ ಕೇಳುತ್ತವೆ. ಅದಕ್ಕೇ ಜಿಮ್‌ಗಳನ್ನು ಮೊದಲು ಮುಗಿಸಿ, ಆಮೇಲೆ ಸಾಲಕ್ಕೆ ಕೈ ಹಾಕುವುದು ಒಳ್ಳೆಯದು.

ಪೋರಿಗಾನ್ ವಿಷಯದಲ್ಲಿ ದುಡ್ಡಿನ ಲೆಕ್ಕವೂ ಇದೆ. ಅದು ಸಿಗುವುದು ಸೆಲಡಾನ್‌ನ ಗೇಮ್ ಕಾರ್ನರ್‌ನಲ್ಲಿ, ಕಾಯಿನ್ ಕೊಟ್ಟರೆ ಮಾತ್ರ. ರೆಡ್‌ನಲ್ಲಿ 9999 ಕಾಯಿನ್, ಬ್ಲೂನಲ್ಲಿ 6500. ಸ್ಲಾಟ್ ಯಂತ್ರದ ಮುಂದೆ ಕೂರುವ ತಾಳ್ಮೆ ನನಗಿಲ್ಲ. ಅವಳು ಬ್ಲೂನಲ್ಲಿ ಕೊಂಡಳು, ನಾನು ಸಾಲ ತಂದೆ.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಸಫಾರಿ ಜೋನ್. ಆಟದ ದುಡ್ಡಲ್ಲಿ 500 ಕೊಟ್ಟರೆ ಪೋಕೆಮಾನ್ ಹಿಡಿಯಲು ಎಸೆಯುವ 30 ಬಾಲ್, ನಡೆಯಲು 500 ಹೆಜ್ಜೆ. ನಿಮ್ಮ ಪೋಕೆಮಾನ್ ಹೊಡೆದಾಡುವ ಹಾಗಿಲ್ಲ. ಕಲ್ಲು ಹೊಡೆದರೆ ಹಿಡಿಯುವುದು ಸಲೀಸು, ಆದರೆ ಸಿಟ್ಟಾಗಿ ಬೇಗ ಓಡುತ್ತದೆ. ತಿಂಡಿ ಎಸೆದರೆ ನಿಲ್ಲುತ್ತದೆ, ಆದರೆ ಬಾಲ್ ಒಳಗೆ ಹೋಗುವುದು ಕಷ್ಟ. ಚಾನ್ಸಿ ಎಂಬ ಪೋಕೆಮಾನ್‌ಗೆ ತಿಂಡಿ ಹಾಕಿ ನೋಡಿದೆ, ಕಲ್ಲು ಹೊಡೆದು ನೋಡಿದೆ. ಕೊನೆಗೆ ಎರಡನ್ನೂ ಬಿಟ್ಟು ಬಾಲ್ ಮೇಲೆ ಬಾಲ್ ಎಸೆದಾಗಲೇ ಸಿಕ್ಕಿದ್ದು. ಟಾರೋಸ್ ಕೂಡ ಹಾಗೇ. ಅದು ವೇಗದ ಪ್ರಾಣಿ, ಬೇಗ ಓಡುತ್ತದೆ, ಅದರ ಮುಂದೆ ಉಪಾಯ ಮಾಡಲು ಪುರುಸೊತ್ತೇ ಇರುವುದಿಲ್ಲ.

ಸಫಾರಿ ಒಳಗೆ ಹೋಗುವ ಮುಂಚೆ, ಹಿಡಿದವು ಹೋಗಿ ಸೇರುವ ಪಿಸಿಯ ಬಾಕ್ಸ್ ನೋಡಿಕೊಳ್ಳಿ. ಒಂದು ಬಾಕ್ಸ್‌ಗೆ 20 ಮಾತ್ರ. ತುಂಬಿದರೆ ತಾನಾಗಿ ಮುಂದಿನದಕ್ಕೆ ಹೋಗುವುದಿಲ್ಲ, ನೀವೇ ಬದಲಿಸಬೇಕು.

ಆಟದೊಳಗಿನ ಜನರ ಜೊತೆಗಿನ ವಿನಿಮಯವನ್ನೂ ಬಿಡಬೇಡಿ. ರೆಡ್, ಬ್ಲೂನಲ್ಲಿ ಫಾರ್‌ಫೆಚ್ಡ್, ಜಿಂಕ್ಸ್, ಮಿಸ್ಟರ್ ಮೈಮ್, ಲಿಕ್ಕಿಟಂಗ್ ಸಿಗುವುದು ಅವರ ಹತ್ತಿರವೇ. ಮಿಸ್ಟರ್ ಮೈಮ್‌ಗೆ ಆಬ್ರಾ ಕೊಡಬೇಕು, ಹಾಗಾಗಿ ಸೆರೂಲಿಯನ್ ಹತ್ತಿರ ಆಬ್ರಾ ಕಂಡಾಗ ಎರಡು ಹಿಡಿದಿಡಿ. ಕಂಡ ತಕ್ಷಣ ಬಾಲ್ ಎಸೆಯಿರಿ, ಇಲ್ಲದಿದ್ದರೆ ಟೆಲಿಪೋರ್ಟ್ ಆಗಿ ಮಾಯ.

ಆರ್ಟಿಕ್ಯುನೋ, ಜ್ಯಾಪ್ಡಾಸ್, ಮೋಲ್ಟ್ರೆಸ್ ಮೂರಕ್ಕೂ ಮೊದಲು ಸೇವ್ ಮಾಡಿ, ನಿದ್ದೆ ಬರಿಸಿ, ಅಲ್ಟ್ರಾ ಬಾಲ್ ಎಸೆದೆ. ಎಂದೂ ವಿಫಲವಾಗದ ಮಾಸ್ಟರ್ ಬಾಲ್ ಇಟ್ಟಿದ್ದು ಮ್ಯೂಟೂಗೆ. ಕೊನೆಗೆ ಉಳಿದದ್ದು ಡ್ರಾಗನೈಟ್. ಡ್ರಾಗನೇರ್ 55ನೇ ಲೆವೆಲ್ ಮುಟ್ಟಬೇಕು, ಅದಕ್ಕಾಗಿ ಎಲೈಟ್ ಫೋರ್ ಹತ್ತಿರ ಪದೇ ಪದೇ ಹೋದೆ.

150 ತುಂಬಿದ ಮೇಲೆ ಸೆಲಡಾನ್ ಮ್ಯಾನ್ಷನ್‌ಗೆ ಹೋಗಿ ಈ ಆಟ ಮಾಡಿದ ಗೇಮ್ ಫ್ರೀಕ್ ಕಂಪನಿಯ ಕಚೇರಿಯ ಡಿಸೈನರ್‌ನನ್ನು ಮಾತಾಡಿಸಿದರೆ ಒಂದು ಡಿಪ್ಲೊಮಾ ತೋರಿಸುತ್ತಾನೆ. ಇದಕ್ಕೆ 151ನೆಯ ಪೋಕೆಮಾನ್ ಆದ ಮ್ಯೂ ಬೇಕಾಗಿಲ್ಲ. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಕಾರ್ಟ್ರಿಡ್ಜ್‌ನಲ್ಲಿ ಕೊನೆಗೆ ಉಳಿದ ಒಂದಿಷ್ಟು ಜಾಗಕ್ಕೆ ಅದನ್ನು ಸೇರಿಸಿದ್ದು. ಡಿಪ್ಲೊಮಾ ಅಂದರೆ ಒಂದು ಪರದೆ ತುಂಬ ಅಕ್ಷರ, ಅಷ್ಟೇ. ಅಣ್ಣನ ಮಗಳು ಅದನ್ನು ನೋಡಿ, "ಇಷ್ಟೇನಾ?" ಅಂದಳು. ಆದರೂ ತನ್ನ ಬ್ಲೂಗೂ ಬೇಕಂತೆ. ಅವಳಿಗೆ ಡ್ರಾಗನೈಟ್ ಸಾಲ ಕೊಟ್ಟಿದ್ದೇನೆ, ಇನ್ನೂ ವಾಪಸ್ ಬಂದಿಲ್ಲ.