ಅಮೆರಿಕದ ರಾಜ್ಯ ಶಾಸನಸಭೆಯಲ್ಲಿ ಮತ ಸಮಸಮ ಆದರೆ: ಸಂವಿಧಾನ ತಿದ್ದಲು ಹೊರಟವರಿಗೆ

30–30, 49–49, 67–67. ಅಮೆರಿಕದ ರಾಜ್ಯಗಳಲ್ಲಿ ಇಂಥ ಫಲಿತಾಂಶ ಆಗಾಗ ಬರುತ್ತಲೇ ಇರುತ್ತದೆ. ಬಂದಾಗೆಲ್ಲ ಯಾರಾದರೂ ಒಬ್ಬರು ‘ಸಂವಿಧಾನ ತಿದ್ದಿ, ನಿರ್ಣಾಯಕ ಮತ ಯಾರಿಗಾದರೂ ಕೊಟ್ಟುಬಿಡಿ’ ಅನ್ನುತ್ತಾರೆ. ಸುಮ್ನೆ ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ ಅಲ್ಲ ಇದು.

ಮೊದಲು ಯಾವ ಗಂಟು ಬಿಡಿಸಬೇಕು ಅಂತ ತೀರ್ಮಾನಿಸಿ. ಮಸೂದೆಗೆ ಮತ ಸಮ ಬಿದ್ದರೆ ಮಸೂದೆ ಬಿದ್ದುಹೋಗುತ್ತದೆ, ಅಷ್ಟೇ. ಅರ್ಧಕ್ಕಿಂತ ಒಂದು ಮತ ಜಾಸ್ತಿ ಗಳಿಸಲಾಗದ್ದು ಬಿದ್ದರೆ ನಷ್ಟವೇನಿಲ್ಲ, ನನ್ನ ಪ್ರಕಾರ ಅದನ್ನು ಮುಟ್ಟದಿರುವುದೇ ವಾಸಿ. ನಿಜವಾದ ತಲೆನೋವು ಮೊದಲ ದಿನದ್ದು, ಸ್ಪೀಕರ್ ಆಯ್ಕೆ. ಸ್ಪೀಕರ್ ಇಲ್ಲದೆ ಸಮಿತಿ ಇಲ್ಲ, ಸಮಿತಿ ಇಲ್ಲದೆ ಕೆಲಸ ಇಲ್ಲ. 2019ರಲ್ಲಿ ಅಲಾಸ್ಕಾದ 40 ಸದಸ್ಯರ ಸದನ ಸುಮಾರು ಒಂದು ತಿಂಗಳು ಸ್ಪೀಕರ್ ಇಲ್ಲದೆ ಕೂತಿತ್ತು. 1999ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ, 2011ರಲ್ಲಿ ಒರೆಗಾನ್‌ನಲ್ಲಿ ಪಕ್ಷಕ್ಕೊಬ್ಬರಂತೆ ಇಬ್ಬರು ಸ್ಪೀಕರ್‌ಗಳನ್ನು ಇಟ್ಟುಕೊಂಡು ದಿನ ದೂಡಿದರು. ಇಂಡಿಯಾನಾದಲ್ಲಿ 1988ರ ಚುನಾವಣೆಯಲ್ಲಿ 50–50 ಆದಾಗ ಇಬ್ಬರು ದಿನ ಬಿಟ್ಟು ದಿನ ಪೀಠ ಏರಿದರು! ಆಮೇಲೆ ಅಲ್ಲಿ ಒಂದು ಕಾನೂನು ಬಂತು: ಸಮ ಆದರೆ, ಅದೇ ಚುನಾವಣೆಯಲ್ಲಿ ಗವರ್ನರ್ ಹುದ್ದೆ (ಅಲ್ಲಿ ಅದು ಜನ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಗೆದ್ದ ಪಕ್ಷಕ್ಕೆ ಸ್ಪೀಕರ್ ಸ್ಥಾನ. 1996ರಲ್ಲಿ ಮತ್ತೆ 50–50 ಆದಾಗ ಅದೇ ಕೈಹಿಡಿಯಿತು. ಹಾಗಾಗಿ ನಿಮ್ಮ ರಾಜ್ಯದಲ್ಲಿ ಬರೀ ಕಾನೂನು ಸಾಕಾಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಆದರೆ ತನ್ನ ಸ್ಪೀಕರ್‌ನನ್ನು ಆರಿಸುವ ಅಧಿಕಾರವನ್ನು ಸಂವಿಧಾನವೇ ಸದನಕ್ಕೆ ಕೊಟ್ಟಿದ್ದರೆ ಆ ಕಾನೂನಿನ ಬಗ್ಗೆ ತಕರಾರು ಏಳಬಹುದು. ಸಂವಿಧಾನದಲ್ಲೇ ಬರೆದರೆ ಆ ಚಿಂತೆ ಇಲ್ಲ.

ಎರಡನೆಯದು, ಮಸೂದೆ ಪಾಸಾಗಲು ಎಷ್ಟು ಮತ ಬೇಕು ಅನ್ನುವ ವಾಕ್ಯವನ್ನು ಕಣ್ಣಿಟ್ಟು ಓದಿ. ಮಿನೆಸೋಟ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಹಾಜರಿದ್ದವರ ಬಹುಮತ ಸಾಲದು, ಆಯ್ಕೆಯಾದ ಒಟ್ಟು ಸದಸ್ಯರ ಬಹುಮತ ಬೇಕು. ಮಿನೆಸೋಟದ 134ರ ಸದನದಲ್ಲಿ ಅದು 68. ಈ ವಾಕ್ಯವನ್ನು ಹಾಗೇ ಬಿಟ್ಟು ಹೊರಗಿನವರಿಗೆ ನಿರ್ಣಾಯಕ ಮತ ಕೊಟ್ಟರೆ, 67 ಜೊತೆಗೆ ಆ ಒಂದು ಮತ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಕೋರ್ಟಿಗೆ ಹೋಗಬೇಕಾಗುತ್ತದೆ. ‘ಸ್ಪೀಕರ್‌ಗೇ ಕೊಡೋಣ’ ಅನ್ನಬೇಡಿ. ನಮ್ಮ ವಿಧಾನಸಭೆಯ ಸ್ಪೀಕರ್ ಮತ ಸಮ ಆದಾಗ ಮಾತ್ರ ಮತ ಹಾಕುತ್ತಾರೆ, ಅಲ್ಲಿನ ಸ್ಪೀಕರ್ ಸಾಮಾನ್ಯವಾಗಿ ಎಲ್ಲ ಸದಸ್ಯರ ಹಾಗೆ ಮೊದಲೇ ಹಾಕಿರುತ್ತಾರೆ.

ನಿರ್ಣಾಯಕ ಮತ ಇರುವವರ ಹುದ್ದೆ ಖಾಲಿ ಇದ್ದರೆ ಏನು ಅಂತಲೂ ಬರೆಯಿರಿ. ಇದನ್ನು ಬರೆಯದಿದ್ದರೆ ಏನಾಗುತ್ತದೆ ಅಂತ ನ್ಯೂಯಾರ್ಕ್ ತೋರಿಸಿದೆ. ಅಲ್ಲಿ ಸೆನೆಟ್ ಅಂದರೆ ಮೇಲ್ಮನೆಯ ಅಧ್ಯಕ್ಷರು ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಸ್ಥಾನದವರು), ನಿರ್ಣಾಯಕ ಮತವೂ ಅವರದ್ದೇ. 2008ರಲ್ಲಿ ಗವರ್ನರ್ ಎಲಿಯಟ್ ಸ್ಪಿಟ್ಜರ್ ರಾಜೀನಾಮೆ ಕೊಟ್ಟರು, ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಡೇವಿಡ್ ಪ್ಯಾಟರ್ಸನ್ ಮೇಲೇರಿದರು, ಅವರ ಹಳೇ ಕುರ್ಚಿ ಖಾಲಿ ಉಳಿಯಿತು. 2009ರ ಜೂನ್‌ನಲ್ಲಿ 62 ಸ್ಥಾನದ ಸೆನೆಟ್ ಪಕ್ಷಾಂತರದ ಗಲಾಟೆಯಲ್ಲಿ 31–31 ಆಗಿ ನಿಂತಾಗ ಗಂಟು ಬಿಡಿಸುವವರೇ ಇರಲಿಲ್ಲ. ಜುಲೈನಲ್ಲಿ ಪ್ಯಾಟರ್ಸನ್ ತಾವೇ ರಿಚರ್ಡ್ ರಾವಿಚ್ ಅವರನ್ನು ಆ ಹುದ್ದೆಗೆ ನೇಮಿಸಿದರು. ಸರಿಯೋ ತಪ್ಪೋ ಅಂತ ಜಗಳ ರಾಜ್ಯದ ಅತ್ಯುನ್ನತ ಕೋರ್ಟಿಗೆ ಹೋಗಿ, ಸೆಪ್ಟೆಂಬರ್‌ನಲ್ಲಿ 4–3ರಲ್ಲಿ ನೇಮಕ ಉಳಿಯಿತು. ಅಷ್ಟರಲ್ಲಿ ಸೆನೆಟ್ ಗಲಾಟೆ ಮುಗಿದು ಎಷ್ಟೋ ದಿನ ಆಗಿತ್ತು. ಇನ್ನು ಒರೆಗಾನ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆಯೇ ಇಲ್ಲ, ಅಲ್ಲಿ ಈ ದಾರಿ ಹಿಡಿಯುವವರು ಬೇರೆ ಯಾರನ್ನಾದರೂ ಹುಡುಕಬೇಕು.

ನನ್ನನ್ನು ಕೇಳಿದರೆ ಸ್ಥಾನಗಳ ಸಂಖ್ಯೆಯನ್ನು ಬೆಸ ಮಾಡುವುದೇ ಸರಳ. ಪಕ್ಷೇತರರು, ರಾಜೀನಾಮೆ, ಸಾವು ಇವೆಲ್ಲ ಇದ್ದೇ ಇರುತ್ತವೆ, ಆದರೂ ಚುನಾವಣೆ ಮುಗಿದ ರಾತ್ರಿಯೇ ಸಮ ಆಗುವುದು ತಪ್ಪುತ್ತದೆ. ಇಲ್ಲೂ ಲೆಕ್ಕ ನೋಡಿ ಮುಂದುವರಿಯಿರಿ. ಮಿನೆಸೋಟದಲ್ಲಿ 67 ಸೆನೆಟ್ ಕ್ಷೇತ್ರ, ಒಂದೊಂದರೊಳಗೆ ಎರಡೆರಡು ಕೆಳಮನೆ ಕ್ಷೇತ್ರ. ಈ ಜೋಡಿ ವ್ಯವಸ್ಥೆ ಇರುವ ತನಕ ಕೆಳಮನೆಯ ಸಂಖ್ಯೆ ಸಮವೇ. ವಾಷಿಂಗ್ಟನ್‌ನಲ್ಲೂ 49 ಕ್ಷೇತ್ರಕ್ಕೆ 98 ಸದಸ್ಯರು. ಒರೆಗಾನ್ ಸಂವಿಧಾನ ಕೆಳಮನೆ 60 ದಾಟಬಾರದು ಅನ್ನುತ್ತದೆ, 61 ಮಾಡಬೇಕೆಂದರೆ ತಿದ್ದುಪಡಿ ಬೇಕೇ ಬೇಕು.

ತಿದ್ದುಪಡಿಯ ದಾರಿ ರಾಜ್ಯಕ್ಕೊಂದು ಥರ. ಡೆಲವೇರ್ ಒಂದನ್ನು ಬಿಟ್ಟು ಎಲ್ಲ ಕಡೆ ಕೊನೆಗೆ ಜನ ಮತ ಹಾಕಲೇಬೇಕು. ವಾಷಿಂಗ್ಟನ್‌ನಲ್ಲಿ ಅದಕ್ಕೆ ಮುಂಚೆ ಎರಡೂ ಸದನಗಳ ಮೂರನೇ ಎರಡರಷ್ಟು ಬೆಂಬಲ ಬೇಕು. ನ್ಯೂಯಾರ್ಕ್‌ನಲ್ಲಿ ಒಮ್ಮೆ ಪಾಸ್ ಮಾಡಿ, ಚುನಾವಣೆ ಕಳೆದು ಹೊಸ ಶಾಸನಸಭೆ ಬಂದ ಮೇಲೆ ಮತ್ತೊಮ್ಮೆ ಪಾಸ್ ಮಾಡಬೇಕು. ಮಿನೆಸೋಟದಲ್ಲಿ ಸದನದೊಳಗೆ ಸಾದಾ ಬಹುಮತ ಸಾಕು, ಆದರೆ ಜನಮತದಲ್ಲಿ ಆ ಪ್ರಶ್ನೆಯನ್ನು ಖಾಲಿ ಬಿಟ್ಟವರ ಮತವೂ ‘ಬೇಡ’ ಎಂದೇ ಎಣಿಕೆಯಾಗುತ್ತದೆ. ಹಾಗಾಗಿ ಪ್ರಚಾರದಲ್ಲಿ ‘ಖಾಲಿ ಬಿಡಬೇಡಿ’ ಅಂತ ಒತ್ತಿ ಹೇಳಬೇಕು. ಒರೆಗಾನ್‌ನಲ್ಲಿ ಶಾಸಕರು ಒಪ್ಪದಿದ್ದರೂ ಜನರೇ ಸಹಿ ಸಂಗ್ರಹಿಸಿ ತಿದ್ದುಪಡಿಯನ್ನು ಮತಪತ್ರಕ್ಕೆ ತರಬಹುದು: ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 8ರಷ್ಟು ಸಹಿ ಬೇಕು.

ಜಾರಿಯಾಗುವ ದಿನಾಂಕವನ್ನು ಮುಂದಕ್ಕೆ ಇಡಿ. ಸದನ ಸಮ ಆಗಿರುವಾಗಲೇ ‘ಈಗಿಂದಲೇ ಜಾರಿ’ ಅಂದರೆ ಗವರ್ನರ್ ಯಾವ ಪಕ್ಷದವರೋ ಆ ಪಕ್ಷ ಕುಣಿಯುತ್ತದೆ, ಇನ್ನೊಂದು ಪಕ್ಷ ಒಂದು ಮತವೂ ಕೊಡುವುದಿಲ್ಲ. ಒಂದೆರಡು ಚುನಾವಣೆ ಆದ ಮೇಲೆ ಜಾರಿ ಅಂತ ಬರೆದರೆ ಲಾಭ ಯಾರಿಗೆ ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ, ಆಗ ಎರಡೂ ಕಡೆಯಿಂದ ಸಹಿ ಸಿಗುವ ಸಾಧ್ಯತೆ ಇದೆ.