ಸ್ವರವನ್ನು ಎಲ್ಲಿ ನಿಲ್ಲಿಸಬೇಕು: ಹವ್ಯಾಸಿ ಬೇಸ್ ಗಿಟಾರ್ ವಾದಕರಿಗೆ ಒಂದು ಕೈಪಿಡಿ

ಬೇಸ್ ಗಿಟಾರ್ ಕೈಗೆ ಬಂದ ಮೊದಲ ವಾರದಲ್ಲೇ ತಂತಿಯನ್ನು ಮೀಟಿ ಸ್ವರ ಎಬ್ಬಿಸುವುದನ್ನು ಎಲ್ಲರೂ ಕಲಿತುಬಿಡುತ್ತಾರೆ. ಎಬ್ಬಿಸಿದ ಸ್ವರವನ್ನು ಯಾವ ಗಳಿಗೆಯಲ್ಲಿ, ಯಾವ ಬೆರಳಿನಿಂದ ನಿಲ್ಲಿಸಬೇಕು ಎಂಬುದು ನನಗೆ ಅರ್ಥವಾಗಲು ಹಲವು ವರ್ಷ ಹಿಡಿಯಿತು. ನಮ್ಮ ಬಡಾವಣೆಯ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ನಮ್ಮ ವಾರಾಂತ್ಯದ ತಂಡ ನುಡಿಸಿದಾಗ ನನಗೆ 12 ಬಾರ್‌ಗಳ ಒಂದು ಸೋಲೋ (ಒಬ್ಬರೇ ಮುಂದಾಗಿ ನುಡಿಸುವ ಭಾಗ; ಒಂದು ಬಾರ್ ಎಂದರೆ ಇಲ್ಲಿ ನಾಲ್ಕು ಪೆಟ್ಟು) ಸಿಕ್ಕಿತ್ತು. ವೇದಿಕೆಯ ಮೇಲೆ ಅದು ಚೆನ್ನಾಗಿಯೇ ಬಂತು ಎನಿಸಿತ್ತು. ಮರುದಿನ ಮಿಕ್ಸರ್‌ನಿಂದ ನೇರವಾಗಿ ತೆಗೆದ ಧ್ವನಿಮುದ್ರಣವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ, ನಾನು ಮೇಲಿನ ತಂತಿಗಳಲ್ಲಿ ನುಡಿಸಿದ ಪ್ರತಿಯೊಂದು ಸಂಚಾರದ ಕೆಳಗೂ ನಾನು ಮುಟ್ಟದೆ ಬಿಟ್ಟಿದ್ದ, ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಹುಂ ಎಂದು ಮಿಡಿಯುತ್ತಲೇ ಇತ್ತು. ನಾನು ನುಡಿಸಿದ ಸ್ವರಗಳಲ್ಲಿ ತಪ್ಪಿರಲಿಲ್ಲ. ಆದರೆ ಒಂದೂ ಸ್ವಚ್ಛವಾಗಿ ಮುಗಿದಿರಲಿಲ್ಲ.

ಇದು ಬೇಸ್‌ನ ಸ್ವಭಾವಕ್ಕೇ ಸೇರಿದ ತೊಂದರೆ. ನಾಲ್ಕು ತಂತಿಯ ಬೇಸ್‌ನಲ್ಲಿ ಇ ತಂತಿ 41 ಹರ್ಟ್ಸ್‌ಗೆ, ಎ ತಂತಿ 55ಕ್ಕೆ, ಡಿ ತಂತಿ 73ಕ್ಕೆ, ಜಿ ತಂತಿ 98ಕ್ಕೆ ಕಂಪಿಸುತ್ತವೆ. ಇಷ್ಟು ದಪ್ಪ, ಇಷ್ಟು ಉದ್ದದ ತಂತಿ ಒಮ್ಮೆ ಕಂಪಿಸತೊಡಗಿದರೆ ಬೇಗ ಸುಮ್ಮನಾಗುವುದಿಲ್ಲ. ಪಕ್ಕದ ತಂತಿಯ ನಾದಕ್ಕೂ ಅದು ತಾನಾಗಿ ಓಗೊಡುತ್ತದೆ. ಕಾಂಕ್ರೀಟ್ ಗೋಡೆಗಳ ಸಣ್ಣ ಸಭಾಂಗಣದಲ್ಲಿ ಕೆಳಸ್ಥಾಯಿಯ ಶಬ್ದ ಇನ್ನೂ ಹೊತ್ತು ಉಳಿಯುತ್ತದೆ. ಆದ್ದರಿಂದ ವಾದ್ಯದ ಆಯ್ಕೆ, ಕೈಯ ಸಾಧನೆ, ಸೋಲೋದ ಕಲ್ಪನೆ ಈ ಮೂರನ್ನೂ ‘ಸ್ವರ ಎಲ್ಲಿ ನಿಲ್ಲುತ್ತದೆ’ ಎಂಬ ಒಂದೇ ಪ್ರಶ್ನೆಯ ಸುತ್ತ ಇಟ್ಟು ಇಲ್ಲಿ ಬರೆಯುತ್ತಿದ್ದೇನೆ.

ವಾದ್ಯದ ವಿಷಯವನ್ನು ಬೇಗ ಮುಗಿಸಬಹುದು. ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್ ಮತ್ತು 1960ರಲ್ಲಿ ಬಂದ ಜಾಝ್ ಬೇಸ್, ಈ ಎರಡು ಮಾದರಿಗಳ ಅಚ್ಚಿನಲ್ಲೇ ಇಂದು ಅಂಗಡಿಗಳಲ್ಲಿ ಸಿಗುವ ಬಹುಪಾಲು ಬೇಸ್‌ಗಳು ತಯಾರಾಗುತ್ತವೆ. ಮೊದಲನೆಯದರಲ್ಲಿ ಎರಡು ತುಂಡಾಗಿ ಕೂರಿಸಿದ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುತ್ತದೆ, ನಾದ ದಪ್ಪ. ಎರಡನೆಯದರಲ್ಲಿ ಎರಡು ಪಿಕಪ್‌ಗಳಿದ್ದು ಎಡಗೈ ಹಿಡಿಯುವ ನೆಕ್ ಸಪೂರವಾಗಿರುತ್ತದೆ. ತಂತಿಯ ಉದ್ದ ಸಾಮಾನ್ಯವಾಗಿ 34 ಇಂಚು. ಕೈ ಚಿಕ್ಕದಾಗಿದ್ದವರು ಸಂಕೋಚವಿಲ್ಲದೆ 30 ಇಂಚಿನದನ್ನು ಕೊಳ್ಳಬಹುದು. ಮೊದಲ ವಾದ್ಯವಾಗಿ ಐದು ತಂತಿಯ ಬೇಸ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬಿ ತಂತಿ 31 ಹರ್ಟ್ಸ್‌ನದು, ಮನೆಯ ಸಣ್ಣ ಆಂಪ್‌ನಲ್ಲಿ ಅದರ ಮೂಲ ನಾದ ಕೇಳಿಸುವುದೇ ಇಲ್ಲ, ಜೊತೆಗೆ ಸುಮ್ಮನಿರಿಸಬೇಕಾದ ತಂತಿ ಇನ್ನೊಂದು ಹೆಚ್ಚುತ್ತದೆ.

ಎರಡನೆಯ ಬೇಸ್‌ಗೆಂದು ಕೂಡಿಟ್ಟ ಹಣವಿದ್ದರೆ ಅದನ್ನು ಇರುವ ಬೇಸ್‌ನ ಸೆಟಪ್ ಮತ್ತು ತಂತಿಗಳಿಗೆ ಹಾಕಿ. ಮಳೆಗಾಲದಲ್ಲಿ ಮರ ತೇವ ಹೀರಿ ನೆಕ್‌ನ ಬಾಗು ಬದಲಾಗುತ್ತದೆ. ಕರಾವಳಿಯಲ್ಲಿರುವವರಿಗೆ, ಬೆಂಗಳೂರಿನಿಂದ ಮಂಗಳೂರಿಗೆ ವಾದ್ಯ ಒಯ್ದವರಿಗೆ ಇದು ಅನುಭವದ ಮಾತು. ಪರೀಕ್ಷಿಸುವ ಕ್ರಮ ಸರಳವಾಗಿದೆ. ಮೊದಲು ಶ್ರುತಿ ಮಾಡಿ, ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ಫ್ರೆಟ್ ಎಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ನೆಕ್ ದೇಹಕ್ಕೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಆಗ ಏಳು ಅಥವಾ ಎಂಟನೆಯ ಫ್ರೆಟ್ ಮತ್ತು ತಂತಿಯ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಸಂದು ಹೆಚ್ಚಿದ್ದರೆ ನೆಕ್ ಒಳಗಿನ ಲೋಹದ ಸಲಾಕೆಯಾದ ಟ್ರಸ್ ರಾಡ್ ಬಿಗಿಸಬೇಕು, ಇಲ್ಲವೇ ಇಲ್ಲ ಎನ್ನುವಂತಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು. 12ನೆಯ ಫ್ರೆಟ್ ಮೇಲೆ ತಂತಿಗಳ ಎತ್ತರ 2ರಿಂದ 2.5 ಮಿ.ಮೀ. ಇದ್ದರೆ ಬೆರಳಿಗೆ ಹಿತ. ಕೊನೆಯದಾಗಿ, 12ನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರವನ್ನು ಅಲ್ಲೇ ಹಗುರವಾಗಿ ಮುಟ್ಟಿ ಎಬ್ಬಿಸಿದ ಹಾರ್ಮೋನಿಕ್‌ನೊಂದಿಗೆ ಹೋಲಿಸಿ. ಒತ್ತಿದ್ದು ಏರು ಶ್ರುತಿಯಲ್ಲಿದ್ದರೆ ಬ್ರಿಜ್‌ನ ಸ್ಯಾಡಲ್ (ದೇಹದ ಕಡೆಯ ತುದಿಯಲ್ಲಿ ತಂತಿ ಕೂರುವ ಚಿಕ್ಕ ತುಂಡು) ಹಿಂದಕ್ಕೆ ಹೋಗಬೇಕು, ಇಳಿ ಶ್ರುತಿಯಲ್ಲಿದ್ದರೆ ಮುಂದಕ್ಕೆ ಬರಬೇಕು. ಮೊಬೈಲ್‌ನ ಟ್ಯೂನರ್ ಕೆಳಗಿನ ಇ ಸ್ವರವನ್ನು ಹಿಡಿಯಲಾರದೆ ಮುಳ್ಳು ಅತ್ತಿತ್ತ ಓಲಾಡುತ್ತಿದ್ದರೆ, ಆಗಲೂ ಈ ಹಾರ್ಮೋನಿಕ್ ಕೆಲಸಕ್ಕೆ ಬರುತ್ತದೆ.

ತಂತಿಗಳಲ್ಲಿ ಎರಡು ಬಗೆ. ಹೊರಸುತ್ತು ಉರುಟಾಗಿರುವ ರೌಂಡ್‌ವೌಂಡ್ ತಂತಿಗೆ ಹೊಳಪಾದ, ಉದ್ದನೆಯ ನಾದ. ಹೊರಸುತ್ತು ಚಪ್ಪಟೆಯಾಗಿರುವ ಫ್ಲಾಟ್‌ವೌಂಡ್ ತಂತಿಯ ನಾದ ಮಂದ, ಬೇಗ ಇಳಿಯುತ್ತದೆ. ಡೆಟ್ರಾಯಿಟ್‌ನ ಮೋಟೌನ್ ಎಂಬ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ತಮ್ಮ ಪ್ರಿಸಿಷನ್ ಬೇಸ್‌ಗೆ ಫ್ಲಾಟ್‌ವೌಂಡ್ ತಂತಿ ಹಾಕಿ, ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಅವರ ಬ್ರಿಜ್‌ನ ಮುಚ್ಚಳದ ಕೆಳಗೆ ತಂತಿಗೆ ತಾಗುವಂತೆ ಫೋಮ್ ತುಂಡು ಇರುತ್ತಿತ್ತು. ಅವರ ಸ್ವರಗಳು ಅಷ್ಟು ದುಂಡಗೆ ಕೇಳಿಸುವುದಕ್ಕೆ ಅವು ತಕ್ಕ ಗಳಿಗೆಯಲ್ಲಿ ಮುಗಿಯುವುದೂ ಒಂದು ಕಾರಣ. ಮನೆಯಲ್ಲಿ ಪಾತ್ರೆ ತೊಳೆಯುವ ಸ್ಪಂಜಿನ ಒಂದು ಪಟ್ಟಿ ಕತ್ತರಿಸಿ ಬ್ರಿಜ್ ಹತ್ತಿರ ತಂತಿಗಳ ಅಡಿಗೆ ಸಿಕ್ಕಿಸಿ ನೋಡಿ. ಹತ್ತು ರೂಪಾಯಿಯೂ ಆಗದ ಈ ಪ್ರಯೋಗ ಕಿವಿಗೆ ಕಲಿಸುವ ಪಾಠ ದೊಡ್ಡದು.

ಆಂಪ್ ಬಗ್ಗೆ ಮೂರು ಎಚ್ಚರಿಕೆಗಳು ಸಾಕು. ಗಿಟಾರ್ ಆಂಪ್‌ಗೆ ಬೇಸ್ ಸಿಕ್ಕಿಸಿ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿಯಬಹುದು. ಅಮೆರಿಕದಿಂದ ತಂದ ಆಂಪ್ 120 ವೋಲ್ಟಿನದಾಗಿದ್ದರೆ, ವೋಲ್ಟೇಜ್ ಬದಲಿಸುವ ಸ್ವಿಚ್ ಇದೆಯೇ ಎಂದು ನೋಡದೆ, ಇಲ್ಲದಿದ್ದರೆ ತಕ್ಕ ಟ್ರಾನ್ಸ್‌ಫಾರ್ಮರ್ ಇಲ್ಲದೆ, ನಮ್ಮ 230 ವೋಲ್ಟಿನ ಪ್ಲಗ್‌ಗೆ ಚುಚ್ಚಬಾರದು. ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು: ವೇದಿಕೆಯ ವೈರಿಂಗ್‌ನಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ, ತಂತಿ ಹಿಡಿದ ಕೈಯೊಂದಿಗೆ ಮೈಕ್‌ಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯಬಹುದು. ಶಾಮಿಯಾನಾದವರು ತಂದ ಎಕ್ಸ್‌ಟೆನ್ಷನ್ ಬೋರ್ಡನ್ನು ಟೆಸ್ಟರ್ ಹಿಡಿದು ಪರೀಕ್ಷಿಸುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಲು ಯಾರೂ ಹಿಂಜರಿಯಬಾರದು. ಇನ್ನು 9 ವೋಲ್ಟ್ ಬ್ಯಾಟರಿ ಇರುವ ಆಕ್ಟಿವ್ ಬೇಸ್ ನಿಮ್ಮದಾಗಿದ್ದರೆ, ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ. ಕೇಬಲ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಈಗ ಕೈಗೆ ಬರೋಣ. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಒಂದಾದ ಮೇಲೊಂದರಂತೆ ಬಳಸಿ, ಮೀಟಿದ ಬೆರಳು ಗಾಳಿಗೆ ಹಾರದೆ ಅದರ ಮುಂದಿನ ದಪ್ಪ ತಂತಿಯ ಮೇಲೆ ಬಂದು ಒರಗುವಂತೆ ಮಾಡಿ. ಹೀಗೆ ಒರಗಿದ ಬೆರಳು ಆ ತಂತಿಯನ್ನು ಸುಮ್ಮನಿರಿಸುತ್ತದೆ. ಹೆಬ್ಬೆರಳನ್ನು ಪಿಕಪ್ ಮೇಲೆಯೇ ನೆಟ್ಟು ಕೂರಿಸುವ ಅಭ್ಯಾಸವನ್ನು ಬಿಡುವುದು ಕಷ್ಟವಾದರೂ ಬಿಡಲೇಬೇಕು: ಎ ತಂತಿ ನುಡಿಸುವಾಗ ಅದು ಇ ತಂತಿಯ ಮೇಲೆ ಇರಬೇಕು; ಡಿ, ಜಿ ತಂತಿಗಳಿಗೆ ಹೋದಾಗ ಕೆಳಕ್ಕೆ ಜಾರಿ ಇ ಮತ್ತು ಎ ಎರಡನ್ನೂ ತನ್ನ ಬದಿಯಿಂದ ಮುಟ್ಟಿಕೊಂಡಿರಬೇಕು. ನನ್ನ ರಾಜ್ಯೋತ್ಸವದ ಧ್ವನಿಮುದ್ರಣದಲ್ಲಿ ಕೇಳಿಸಿದ ಹುಂಕಾರಕ್ಕೆ ಹೆಬ್ಬೆರಳು ಪಿಕಪ್ ಬಿಟ್ಟು ಕದಲದೇ ಇದ್ದುದೇ ಕಾರಣ.

ಎಡಗೈಯ ಕೆಲಸ ಇನ್ನೂ ಸೂಕ್ಷ್ಮ. ಸ್ವರ ನಿಲ್ಲಿಸಬೇಕಾದಾಗ ಬೆರಳನ್ನು ತಂತಿಯಿಂದ ಎತ್ತಬಾರದು, ಒತ್ತಡವನ್ನಷ್ಟೇ ಸಡಿಲಿಸಬೇಕು. ತಂತಿ ಫ್ರೆಟ್ ಬಿಟ್ಟು ಮೇಲೆದ್ದು ಬೆರಳಿನ ಮಾಂಸಕ್ಕೆ ತಾಗಿ ತಾನೇ ನಿಲ್ಲುತ್ತದೆ. ಆದರೆ 5, 7, 12ನೆಯ ಫ್ರೆಟ್‌ಗಳ ಮೇಲೆ ಒಂದೇ ಬೆರಳು ಹಗುರವಾಗಿ ಉಳಿದರೆ ಹಾರ್ಮೋನಿಕ್ ಟಿಣ್ ಎಂದು ಹೊರಡುತ್ತದೆ. ಆದ್ದರಿಂದ ಸಡಿಲಿಸುವ ಹೊತ್ತಿಗೇ ಪಕ್ಕದ ಇನ್ನೊಂದು ಬೆರಳನ್ನೂ ತಂತಿಯ ಮೇಲೆ ಮಲಗಿಸಬೇಕು. ಮೆಟ್ರೋನೋಮನ್ನು ನಿಮಿಷಕ್ಕೆ 60ರಲ್ಲಿ ಇಟ್ಟು ಒಂದೇ ಸ್ವರವನ್ನು ಪೆಟ್ಟಿಗೊಂದರಂತೆ ನುಡಿಸಿ. ಮೊದಲ ಐದು ನಿಮಿಷ ಸ್ವರ ಮುಂದಿನ ಪೆಟ್ಟಿನವರೆಗೂ ಉಳಿಯಲಿ. ಆಮೇಲಿನ ಐದು ನಿಮಿಷ ಎರಡು ಪೆಟ್ಟುಗಳ ನಟ್ಟನಡುವೆ ನಿಲ್ಲಲಿ. ಮೊಬೈಲ್‌ನಲ್ಲಿ ಮುದ್ರಿಸಿ ಕೇಳಿದಾಗ ನಿಲುಗಡೆಗಳೂ ಪೆಟ್ಟುಗಳಷ್ಟೇ ಸಮನಾಗಿವೆ ಎನಿಸಿದ ದಿನ ವೇಗ ಹೆಚ್ಚಿಸಿ. ಮಣಿಕಟ್ಟು ನೋಯತೊಡಗಿದರೆ ಮಾತ್ರ ಅಲ್ಲಿಗೇ ವಾದ್ಯ ಕೆಳಗಿಡಿ. ನೋವಿನ ಮೇಲೆ ಸಾಧನೆ ಮಾಡಬಾರದು.

ಕೇಳುವುದಕ್ಕೆ ದೂರ ಹೋಗಬೇಕಿಲ್ಲ. ಇಳಯರಾಜ ಅವರು 1980ರ ದಶಕದಲ್ಲಿ ಸಂಗೀತ ನೀಡಿದ ಕನ್ನಡ ಚಿತ್ರಗೀತೆಗಳಲ್ಲಿ ಬೇಸ್ ಗಾಯಕರ ಪಕ್ಕದಲ್ಲಿ ಇನ್ನೊಂದು ರಾಗದೆಳೆಯಂತೆ ಸಾಗುತ್ತದೆ. ಅಲ್ಲಿ ಬೇಸ್ ಎಲ್ಲಿ ಬಾಯಿ ಮುಚ್ಚುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾ ಒಂದು ಹಾಡನ್ನು ಪೂರ್ತಿ ಕೇಳಿ. ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಅದು ಮಾತನಾಡುವುದು, ಅವರು ಮಾತಿಗೆ ಬಂದಾಗ ಹಿಂದೆ ಸರಿಯುವುದು ಕಿವಿಗೆ ಸಿಕ್ಕಿದರೆ, ಸೋಲೋ ಕಟ್ಟುವ ಅರ್ಧ ವಿದ್ಯೆ ಸಿಕ್ಕಿದಂತೆ.

ಸೋಲೋಗೆ ಎ ಶ್ರುತಿಯ 12 ಬಾರ್‌ಗಳ ಬ್ಲೂಸನ್ನೇ (ಮೂರು ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳ, ಮೇಲೆ ಸಾಗುವ ಹಾಡಿನ ಬಗೆ) ಉದಾಹರಣೆಗೆ ತೆಗೆದುಕೊಳ್ಳೋಣ: ನಾಲ್ಕು ಬಾರ್ ಎ, ಎರಡು ಡಿ, ಎರಡು ಎ, ಒಂದು ಇ, ಒಂದು ಡಿ, ಕೊನೆಗೆ ಎರಡು ಎ. ಹವ್ಯಾಸಿಗಳು ಮೊದಲು ಕಲಿಯುವುದು ಐದನೆಯ ಫ್ರೆಟ್‌ನಿಂದ ಆರಂಭವಾಗುವ ಐದು ಸ್ವರಗಳ ಆಕಾರ: ಇ ತಂತಿಯಲ್ಲಿ 5 ಮತ್ತು 8, ಉಳಿದ ಮೂರು ತಂತಿಗಳಲ್ಲಿ 5 ಮತ್ತು 7. ಎ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಇವು ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಸ್ಥಾನಗಳೇ. ಸ್ಥಾನಗಳು ಒಂದಾದ ಮಾತ್ರಕ್ಕೆ ರಾಗ ಒಂದಾಗುವುದಿಲ್ಲ ಎಂಬುದು ಸಂಗೀತ ಕಲಿತವರಿಗೆ ಗೊತ್ತೇ ಇದೆ. ಈ ಆಕಾರದಲ್ಲೇ ಮೇಲೆ ಕೆಳಗೆ ಓಡಾಡಿದರೆ ಯಾವ ಸ್ವರವೂ ತಪ್ಪೆನಿಸದು, ಆದರೆ ಕೇಳುವವರಿಗೆ ಹಾಡು ಎಲ್ಲಿದೆ ಎಂದು ತಿಳಿಯುವುದೂ ಇಲ್ಲ. ಬೇಸ್ ಸೋಲೋ ಆರಂಭವಾದ ಕೂಡಲೇ ತಂಡದ ತಳಪಾಯ ಖಾಲಿಯಾಗುತ್ತದೆ, ಅನೇಕ ಸಲ ಗಿಟಾರ್‌ನವರೂ ಸುಮ್ಮನಾಗುತ್ತಾರೆ. ಆಗ ಕಾರ್ಡ್ ಬದಲಾಗುವುದನ್ನು ನೀವೇ ಸಾರಬೇಕು.

ಅದಕ್ಕೆ ಪ್ರತಿ ಕಾರ್ಡಿನ ಮೂರನೆಯ ಸ್ವರ, ಅಂದರೆ ಕಾರ್ಡಿನ ಮೂಲ ಸ್ವರವನ್ನು ಸ ಎಂದುಕೊಂಡರೆ ಬರುವ ಗ, ಸಾಕು. ಎ ಕಾರ್ಡ್‌ಗೆ ಎ ತಂತಿಯ ನಾಲ್ಕನೆಯ ಫ್ರೆಟ್, ಡಿ ಕಾರ್ಡ್‌ಗೆ ಡಿ ತಂತಿಯ ನಾಲ್ಕನೆಯ ಫ್ರೆಟ್, ಇ ಕಾರ್ಡ್‌ಗೆ ಡಿ ತಂತಿಯ ಆರನೆಯ ಫ್ರೆಟ್. ಮೂರೂ ಕೈ ಕದಲಿಸದೆ ಎಟುಕುತ್ತವೆ. ಕಾರ್ಡ್ ಬದಲಾಗುವ ಮೊದಲ ಪೆಟ್ಟಿಗೆ ಆ ಸ್ವರದ ಮೇಲೆ ಇಳಿದರೆ ಹಿಂದೆ ಯಾರೂ ನುಡಿಸದಿದ್ದರೂ ಹಾಡು ಮುಂದೆ ಸಾಗಿತು ಎಂದು ಸಭೆಗೆ ಅರಿವಾಗುತ್ತದೆ. ಮೊದಲ ಎರಡು ಬಾರ್‌ಗಳಲ್ಲಿ ಬಾಯಲ್ಲಿ ಹಾಡಬಹುದಾದ ಒಂದು ಚಿಕ್ಕ ಮಾತನ್ನು ಸ್ವರಗಳಲ್ಲಿ ಹೇಳಿ. ಮುಂದಿನ ಎರಡು ಬಾರ್ ಮೂಲ ಸ್ವರವನ್ನಷ್ಟೇ ನುಡಿಸಿ ಡ್ರಮ್ಮರ್‌ಗೆ ಜಾಗ ಬಿಡಿ. ಅದೇ ಮಾತನ್ನು ಡಿ ಕಾರ್ಡ್ ಮೇಲೆ ಸ್ವಲ್ಪ ಬದಲಿಸಿ ಹೇಳಿ. ಎತ್ತರಕ್ಕೆ ಹೋಗಬೇಕಾದಾಗ ಧೈರ್ಯವಾಗಿ ಡಿ, ಜಿ ತಂತಿಗಳ ಹತ್ತನೆಯ ಫ್ರೆಟ್ ದಾಟಿ; ಆಂಪ್‌ನಲ್ಲಿ ಬೇಸ್ ಗುಂಡಿಯನ್ನು ಸ್ವಲ್ಪ ಇಳಿಸಿ ಮಿಡ್ ಏರಿಸಿಕೊಂಡಿದ್ದರೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ.

ಸೋಲೋ ಮುಗಿಸಲು ನಮ್ಮ ತನಿ ಆವರ್ತನದ (ಕಛೇರಿಯಲ್ಲಿ ತಾಳವಾದ್ಯದವರಿಗೆ ಮೀಸಲಾದ ಭಾಗದ) ಮುಕ್ತಾಯಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಕೊನೆಯ ಎರಡು ಬಾರ್‌ಗಳಲ್ಲಿ ಅರ್ಧ ಪೆಟ್ಟಿನ ಲೆಕ್ಕದಲ್ಲಿ 16 ಮಾತ್ರೆಗಳಿವೆ. ನಾಲ್ಕು ಮಾತ್ರೆಯ ಒಂದು ಸಂಚಾರವನ್ನು ಮೂರು ಸಲ ಹೇಳಿ, ನಡುವೆ ಎರಡೆರಡು ಮಾತ್ರೆ ಕಾರ್ವೆ (ಬಿಡುವು) ಬಿಟ್ಟರೆ 4, 2, 4, 2, 4 ಸೇರಿ ಸರಿಯಾಗಿ 16 ಆಗುತ್ತದೆ. ಸಂಚಾರ ಹೀಗಿರಲಿ: ಡಿ ತಂತಿಯ 7, ಡಿ ತಂತಿಯ 5, ಎ ತಂತಿಯ 7, ಮತ್ತೆ ಡಿ ತಂತಿಯ 5, ಹಾಡುವುದಾದರೆ ಸ ನಿ ಪ ನಿ. ಮೊದಲನೆಯದು ಬಾರಿನ ಒಂದನೆಯ ಪೆಟ್ಟಿನಲ್ಲಿ, ಎರಡನೆಯದು ನಾಲ್ಕನೆಯ ಪೆಟ್ಟಿನಲ್ಲಿ, ಮೂರನೆಯದು ಮುಂದಿನ ಬಾರಿನ ಮೂರನೆಯ ಪೆಟ್ಟಿನಲ್ಲಿ ಆರಂಭವಾಗುವುದರಿಂದ ಒಂದೇ ಮಾತು ಮೂರು ಬೇರೆ ಬಾಗಿಲುಗಳಿಂದ ಒಳಗೆ ಬಂದಂತೆ ಕೇಳಿಸುತ್ತದೆ. ಮೊದಲು ‘ತಕದಿಮಿ ತಾಂ, ತಕದಿಮಿ ತಾಂ, ತಕದಿಮಿ’ ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ತಾಳ ಹಾಕಿ, ಆಮೇಲೆ ವಾದ್ಯ ಹಿಡಿಯಿರಿ.

ಇಲ್ಲಿ ಎರಡು ಕಾರ್ವೆಗಳು ಪೂರ್ತಿ ನಿಶ್ಶಬ್ದವಾಗಿರಬೇಕು. ಎಡಗೈಯ ಎರಡು ಬೆರಳು ತಂತಿಯ ಮೇಲೆ, ಬಲಗೈಯ ಹೆಬ್ಬೆರಳು ಇ, ಎ ತಂತಿಗಳ ಮೇಲೆ ಇದ್ದರೆ ಆ ಗಳಿಗೆಯಲ್ಲಿ ಡ್ರಮ್ಮರ್‌ನ ಹೈ-ಹ್ಯಾಟ್ ಮಾತ್ರ ಕೇಳಿಸುತ್ತದೆ. ಮೂರನೆಯ ‘ತಕದಿಮಿ’ ಮುಗಿದ ಮರುಪೆಟ್ಟಿಗೆ ಇ ತಂತಿಯ ಐದನೆಯ ಫ್ರೆಟ್‌ನಲ್ಲಿ ಕೆಳಗಿನ ಎ ಸ್ವರವನ್ನು ಕಿಕ್ ಡ್ರಮ್ ಜೊತೆ ಒಟ್ಟಿಗೆ ಇಳಿಸಿ, ಎರಡನೆಯ ಪೆಟ್ಟಿಗೆ ಸ್ನೇರ್ ಬೀಳುವವರೆಗೆ ಹಿಡಿದು, ಸ್ನೇರ್ ಬಿದ್ದ ಕೂಡಲೇ ಬೆರಳು ಸಡಿಲಿಸಿ. ಗಿಟಾರ್‌ನವರು ಅಲ್ಲಿಂದ ಹಾಡನ್ನು ಎತ್ತಿಕೊಳ್ಳುತ್ತಾರೆ.